ಎರಡಕ್ಷರ

ಕ್ರಾಲಿಯಲ್ಲಿ ಬೆಳಗಿನ ಆರು ಗಂಟೆ.
ಹೆಂಚಿಗೆ ಹೊಟ್ಟೆ ಉಜ್ಜುವಂತೆ ಇಳಿಯುತ್ತಿವೆ ವಿಮಾನಗಳು.
ರಾತ್ರಿಪಾಳಿ ಮುಗಿಸಿ ಬಂದ ಲುದೋವಿಕ್
ಫಿನೈಲು ನಾರುವ ಕೈಯಲ್ಲೇ ಫೋನು ಹಿಡಿದು
ಮಂಚದಂಚಿಗೆ ಕೂರುತ್ತಾನೆ:
‘ನೋಡಜ್ಜಿ, ಇದು ನಮ್ಮ ದ್ವೀಪ.’

ಎರ್ಮಾನ್ಸ್ ಕನ್ನಡಕ ಹುಡುಕುತ್ತಾಳೆ.
ತೆಂಗಿಲ್ಲ. ಹವಳದ ದಿಬ್ಬವಿಲ್ಲ.
ಕೊಬ್ಬರಿ ಒಣಗಿಸುವ ಗೂಡಿನ ಹೊಗೆಯಿಲ್ಲ.
ಯಾವುದೋ ಕಂಪನಿಯ ಹೆಸರು,
ಅದರ ಬಾಲಕ್ಕೊಂದು ಚುಕ್ಕೆ,
ಚುಕ್ಕೆಯಾಚೆ ಐ, ಓ.

‘ಅಷ್ಟೇನಾ?’

ಪೆರೋಸ್ ಬಾನ್ಯೋಸ್‌ನಿಂದ
ಅವಳನ್ನು ಹಡಗು ಹತ್ತಿಸಿದ್ದು ಎಪ್ಪತ್ತಮೂರರಲ್ಲಿ.
ಒಂದು ಪೆಟ್ಟಿಗೆ, ಒಂದು ಚಾಪೆ,
ಹೊಟ್ಟೆಯಲ್ಲಿ ಲುದೋವಿಕನ ಅಮ್ಮ.
ನಾಯಿ ಎದೆಮಟ್ಟದ ನೀರಿನವರೆಗೂ ಬಂದು ನಿಂತಿತ್ತು.
ಮರುವರ್ಷ, ಬಲುದೂರ, ಚಳಿಯ ಊರೊಂದರಲ್ಲಿ
ಯಾರೋ ಲೋಕದ ದೇಶಗಳನ್ನೆಲ್ಲ ಸಾಲಾಗಿ ನಿಲ್ಲಿಸಿ
ತಲೆಗೆ ಎರಡಕ್ಷರದಂತೆ ಹಂಚಿದರು,
ರೇಷನ್ನಿನ ಸಕ್ಕರೆ ಹಂಚಿದ ಹಾಗೆ.
ಖಾಲಿ ಮಾಡಿಸಿದ ದ್ವೀಪಗಳಿಗೂ ಪಾಲು ಬಂತು.
ಪಟ್ಟಿಗೆ ಜನ ಬೇಕಿಲ್ಲ.
ಆಮೇಲೆ ಕಂಪ್ಯೂಟರುಗಳಿಗೆ ವಿಳಾಸ ಬೇಕಾದಾಗ
ಅದೇ ಪಟ್ಟಿಯ ಧೂಳು ಕೊಡವಿದರು.

ಲುದೋವಿಕ್ ವಿವರಿಸುತ್ತಾನೆ:
ಈ ಮಂದಿಗೆ ಇದೊಂದು ಶೋಕಿ ಅಜ್ಜಿ,
ಐ ಅಂದರೆ ಒಳಗೆ, ಓ ಅಂದರೆ ಹೊರಗೆ,
ಯಂತ್ರಕ್ಕೆ ಹೋಗುವುದು, ಯಂತ್ರದಿಂದ ಬರುವುದು.

ಹಲ್ಲುಸೆಟ್ಟು ಇನ್ನೂ ಲೋಟದಲ್ಲಿದೆ. ಬೊಚ್ಚುಬಾಯಲ್ಲೇ ನಗುತ್ತಾಳೆ:
‘ನಮಗೆ ಬರೀ ಓ ಕೊಟ್ಟರು ಮಗಾ.’

ನಾನು ಅಲ್ಲಿರಲಿಲ್ಲ. ಇದ್ದಿದ್ದರೂ
ಏನು ಹೇಳುತ್ತಿದ್ದೆನೋ. ಆ ಎರಡನ್ನೂ
ಬೇಗ ಬೇಗ ಕೂಡಿಸಿ ಓದಿ ನೋಡಿದೆ,
ಕನ್ನಡದ ನಾಲಗೆ
ಅಯ್ಯೋ ಎಂದೇ ಎಡವುತ್ತದೆ.

ಅವನು ಅವಳ ಹೆಸರೊತ್ತಿ ಹುಡುಕುತ್ತಾನೆ.
‘ಲಭ್ಯವಿದೆ’ ಎನ್ನುತ್ತದೆ ಪರದೆ, ಹಸಿರು ಬಣ್ಣದಲ್ಲಿ.
ವರ್ಷಕ್ಕೆ ಇಷ್ಟು ಪೌಂಡು, ಮುಂಗಡ.

‘ಆ ವಿಳಾಸಕ್ಕೆ ಕಾಗದ ಹಾಕಿದರೆ
ನನ್ನಮ್ಮನ ಗೋರಿಗೆ ತಲುಪುತ್ತಾ?’
‘ಇಲ್ಲ.’
‘ಬಾಡಿಗೆ ಮಾತ್ರ ನಾನು ಕಟ್ಟಬೇಕಾ?’

ಫೋನನ್ನು ಹಾಸಿಗೆಯ ಮೇಲೆ ಕವುಚುತ್ತಾನೆ.
ಅವಳು ಮಂಡಿ ಹಿಡಿದುಕೊಂಡು ಏಳುತ್ತಾಳೆ, ಟೀಗೆ ನೀರಿಡುತ್ತಾಳೆ.
ಇನ್ನೊಂದು ವಿಮಾನ. ಕಿಟಕಿಯ ಗಾಜು ನಡುಗಿ ಸುಮ್ಮನಾಗುತ್ತದೆ.

‘ನಾಯಿಯ ಹೆಸರೇನಿತ್ತಜ್ಜಿ?’

‘ಅದಕ್ಕೂ ಎರಡೇ ಅಕ್ಷರ,’ ಎನ್ನುತ್ತಾಳೆ.
ಹೇಳುವುದಿಲ್ಲ.