ಇರ್ಲಿ ಬಿಡು

ಬ್ರಾಂಚಿನಲ್ಲಿ ಲಾದ್ರು ಪೊರ್ಬುಗಳು ಬೀಡಿಯ ಕಟ್ಟು ನೋಡುವುದು
ಕಣ್ಣಿಂದ ಅಲ್ಲ, ಹೆಬ್ಬೆರಳಿಂದ.
ಸಡಿಲ ಸುತ್ತಿದ್ದು, ತೀರಾ ಬಿಗಿದದ್ದು,
ಬಾಯಿ ಸರಿ ಮಡಚದ್ದು,
ಎಲ್ಲ ಮೇಜಿನ ಕೆಳಗಿನ ಡಬ್ಬಿಗೆ.
ಇಪ್ಪತ್ತು ವರ್ಷ ಆ ಬೆರಳಿಗೆ ಹೆದರಿದವಳು ನಾನು,
ಅಡ್ಯಾರಿನ ವಾರಿಜ.

ಅದಕ್ಕೇ ವೆನ್ಲಾಕಿನ ಆ ಸಣ್ಣ ಪ್ರಾಯದ ಡಾಕ್ಟರಮ್ಮ
ನನ್ನ ಸಮೀಕ್ಷಾಳ ಎದೆಮೂಳೆಯ ಮೇಲೆ ಎರಡು ಬೆರಳಿಟ್ಟು
"ಇದರ ಹಿಂದೊಂದು ಗ್ರಂಥಿ ಉಂಟು, ಥೈಮಸ್ ಅಂತ,
ರಕ್ತದ ಕಾವಲಿನವರು ಇಲ್ಲಿ ಪಾಸಾಗಿಯೇ ಹೊರಡಬೇಕು"
ಎಂದಾಗ ನನಗೆ ಬೇರೆ ಯಾರೂ ನೆನಪಾಗಲಿಲ್ಲ.

ನೂರಕ್ಕೆ ಎರಡೋ ಮೂರೋ ಪಾಸಂತೆ.
ಪೊರ್ಬುಗಳು ಅಷ್ಟು ಕಠಿಣವಿಲ್ಲ.

ಅಲ್ಲಿ ಮೈಯ ಎಲ್ಲದರದ್ದೂ ಒಂದು ಚೂರು ತೋರಿಸುತ್ತಾರಂತೆ:
ಕಣ್ಣಿನದು, ಮೆದುಳಿನದು, ಬಾಯಿಯ ಜೊಲ್ಲಿನದು,
ಇಷ್ಟೇ ಇಷ್ಟು ಇನ್ಸುಲಿನ್ ಕೂಡ.
ಇದನ್ನು ಕಂಡರೆ ಕೈ ತುರಿಸುತ್ತದಾ?
ತುರಿಸಿದವನು ಅಲ್ಲೇ ಸಾಯಬೇಕು.
ಕೆಲವರನ್ನು ಮಾತ್ರ ಬದುಕಲು ಬಿಡುತ್ತಾರೆ,
ನಮ್ಮ ವಾಸನೆ ಚೆನ್ನಾಗಿ ಹಿಡಿದವರನ್ನು.
ಅವರಿಗೆ ಬೇರೆ ಕೆಲಸ:
ಜೀವಮಾನವಿಡೀ ಉಳಿದವರ ರಟ್ಟೆ ಹಿಡಿದು
"ಇರ್ಲಿ ಬಿಡು, ಅದು ನಮ್ಮದು" ಅನ್ನುತ್ತ ತಿರುಗುವುದು.

ಸಮೀಕ್ಷಾಳೊಳಗೆ ಯಾರೋ ಹಾಗೆ ಅನ್ನಲಿಲ್ಲ.

ಮೇದೋಜೀರಕದೊಳಗೆ ದ್ವೀಪಗಳಿವೆ ಎಂದು
ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬರೆದರು.
ದ್ವೀಪ ಯಾಕೆ, ಕುದ್ರು ಅನ್ನಿ ಎಂದೆ,
ನೇತ್ರಾವತಿಯ ನಡುವೆ ನಮಗೂ ಉಂಟಲ್ಲ,
ಮರಳು ತೋಡಿ ತೋಡಿ ಅಂಚು ಕುಸಿಯುವಂಥವು.
ಇಲ್ಲಿಗೆ ಮಾತ್ರ ಹೊರಗಿನ ಯಾವ ದೋಣಿಯೂ ಬರಲಿಲ್ಲ.
ಕಾಯಲು ಕಳಿಸಿದವರೇ ಒಂದೊಂದಾಗಿ ಮನೆ ಕೆಡವಿದರು.
ಎಂಟನೇ ಕ್ಲಾಸಿನ ಮಗು ರಾತ್ರಿ ನಾಲ್ಕು ಸಲ ಎದ್ದು
ತಂಬಿಗೆಗಟ್ಟಲೆ ನೀರು ಕುಡಿಯುವವರೆಗೆ
ನಮಗೆ ಗೊತ್ತೇ ಆಗಲಿಲ್ಲ.

ನಮ್ಮಲ್ಲಿ ಫ್ರಿಜ್ಜಿಲ್ಲ. ಇನ್ಸುಲಿನ್ ಇರುವುದು
ಗೋಡೆಯಾಚೆ ಅವ್ವಮ್ಮನ ಮನೆಯಲ್ಲಿ, ಮೊಟ್ಟೆಯ ಸಾಲಿನ ಪಕ್ಕ.
ಬಂಗುಡೆ ಇಡುವ ದಿನ ಅವಳೇ ಅದನ್ನು ಮೇಲಿನ ತಟ್ಟಿಗೆ ಏರಿಸುತ್ತಾಳೆ.
ಆ ಕರ್ಫ್ಯೂ ರಾತ್ರಿ ನಾನು ಅಲ್ಲಿಂದ ಬಾಟ್ಲಿ ತರುವಾಗ
ಓಣಿಯ ಬಾಯಲ್ಲಿ ದೊಣ್ಣೆ ಹಿಡಿದ ಹುಡುಗರು.
ಒಬ್ಬ ನಮ್ಮ ಸೇಸಕ್ಕನ ಮೊಮ್ಮಗ, ನಾನೇ ಗಂಜಿ ಉಣಿಸಿದವನು.
"ಯಾರ ಮನೆಯಿಂದ ಬಂದದ್ದು? ಕೈಯಲ್ಲೇನು?"
ಕತ್ತಲಿಂದ ಸೇಸಕ್ಕ ಎದ್ದು ಬಂದು ಅವನ ಕಿವಿ ಹಿಡಿದಳು.
ದನಿ ಎತ್ತರಿಸಲಿಲ್ಲ.
ಏನಂದಳೆಂದು ಮತ್ತೆ ಹೇಳುವುದಿಲ್ಲ.

ಈಗ ಮೋಕ್ಷಿತನ ರಕ್ತವೂ ಪರೀಕ್ಷೆಗೆ ಹೋಗಿದೆ. ಅವನಿಗೆ ಆರು.
ಮೊದಲೇ ಗೊತ್ತಾದರೆ ಎರಡು ವರ್ಷ ದೂಡುವ ಮದ್ದು
ಎಲ್ಲೋ ಬಂದಿದೆಯಂತೆ,
ಬೆಲೆ ಕೇಳಬೇಡಿ ಎಂದರು.
ಕೇಳಲಿಲ್ಲ. ಎರಡು ವರ್ಷಕ್ಕೆ ಎಷ್ಟು ಸೂಜಿ ಎಂದು ಎಣಿಸಿದೆ.
ದಿನಕ್ಕೆ ನಾಲ್ಕು. ಮೂರು ಸಾವಿರಕ್ಕೆ ಎಂಬತ್ತು ಕಡಿಮೆ.
ಬೀಡಿ ಕಟ್ಟುವವಳಿಗೆ ಲೆಕ್ಕ ತಪ್ಪುವುದಿಲ್ಲ.

ರಾತ್ರಿ, ಮಲಗಿದವನ ಎದೆಮೂಳೆಯ ಮೇಲೆ
ಪೊರ್ಬುಗಳ ಹಾಗೆ ಹೆಬ್ಬೆರಳಿಡುತ್ತೇನೆ.
ಬಿಗಿಯೋ ಸಡಿಲವೋ, ಏನೂ ತಿಳಿಯುವುದಿಲ್ಲ.
ನಿದ್ದೆಯಲ್ಲೇ ಅವನು ನನ್ನ ಕೈ ತಳ್ಳುತ್ತಾನೆ,
ತಂಬಾಕಿನ ವಾಸನೆ ಇರಬೇಕು.
ಇರ್ಲಿ.