ಎರಡನೆಯ ಬೆರಳು

ಗ್ಲೆನ್ ರೋಸ್, ಟೆಕ್ಸಸ್. ಆಗಸ್ಟ್.
ನದಿ ಬತ್ತಿ, ತಳದ ಸುಣ್ಣಗಲ್ಲು ಬಿಸಿಲಿಗೆ ಬಿದ್ದಿದೆ.
ಅದರಲ್ಲಿ ಮೂರು ಬೆರಳಿನ ಹೆಜ್ಜೆಗಳು,
ಒಂದೊಂದರಲ್ಲೂ ಮಗು ಕೂರಿಸಿ ಮೀಯಿಸಬಹುದು.
ಹನ್ನೊಂದು ಕೋಟಿ ವರ್ಷ ಅನ್ನುತ್ತದೆ ಪಾರ್ಕಿನ ಫಲಕ,
ಆರು ಸಾವಿರ ಅನ್ನುತ್ತದೆ ರಸ್ತೆಯಾಚೆಯ ಫಲಕ.
ನಡುವೆ ಒಂದು ಪೆಟ್ರೋಲ್ ಬಂಕು,
ಬಂಕಿನ ಹಿಂದೆ ಕಾಲಿನ ಕ್ಲಿನಿಕ್ಕು.

ನಾನಲ್ಲಿ ಅಚ್ಚು ತೆಗೆಯುವವಳು.
ಬೂಟಿನ ಹಿಮ್ಮಡಿ ಯಾವ ಕಡೆ ಸವೆದಿದೆ ನೋಡಿ
ಸೊಂಟ ಯಾವ ಕಡೆ ನೋಯುತ್ತದೆ ಹೇಳಬಲ್ಲೆ.
ಹೊಗೆ ಕಂಡು ಬೆಂಕಿ ಅಂದಷ್ಟೇ. ಹೆಚ್ಚೇನಿಲ್ಲ.

ಆರ್ವಿಲ್ ಟ್ಯಾಕೆಟ್ ಬಂದ, ಎಂಬತ್ತೊಂದರವ.
ಎಡಗಾಲಿನ ಹೆಬ್ಬೆರಳನ್ನು ಸಕ್ಕರೆ ಕಾಯಿಲೆ
ಹೋದ ವರ್ಷವೇ ತಿಂದು ಮುಗಿಸಿತ್ತು.
ಇವತ್ತು ಕೈಗಾಡಿಯಲ್ಲಿ ಕಂಬಳಿ ಸುತ್ತಿದ ಕಲ್ಲು.
“ನೀನು ಕಾಲು ಓದುವವಳು. ಓದು ಇದನ್ನ.”

ಒಂದು ಪಾದ. ಬಲಗಾಲು. ಮನುಷ್ಯನದು. ಒಂದೂವರೆ ಅಡಿ.
ಅಜ್ಜ ಹೊಳೆಯಿಂದ ಎಬ್ಬಿಸಿ ತಂದದ್ದಂತೆ,
ಆ ದೈತ್ಯ ಪ್ರಾಣಿಗಳ ಬೆನ್ನ ಹಿಂದೆಯೇ
ಯಾರೋ ನಡೆದು ಹೋದದ್ದಂತೆ.
ಮೊಮ್ಮಗಳು ಟ್ವೈಲಾ, ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಟೀಚರು,
ನೋಡಿ ನಕ್ಕಿದ್ದಳು, ಎರಡು ಕ್ರಿಸ್‌ಮಸ್ ಹಿಂದೆ.
ಅಂದಿನಿಂದ ಅವಳ ಕುರ್ಚಿಯಲ್ಲಿ ಬೆಕ್ಕು ಮಲಗುತ್ತದೆ.

“ಬೂಟು ಇದ್ದಮೇಲೆ ಹೊಲಿದವನೊಬ್ಬ ಇರಬೇಕಲ್ಲ?”
ನಮ್ಮ ಕಡೆ ಮಡಕೆ ಅನ್ನುತ್ತಾರೆ, ಕುಂಬಾರ ಅನ್ನುತ್ತಾರೆ.
ಕುಂಬಾರನನ್ನು ಹೆತ್ತವಳು ಯಾರು ಅಂತ ಕೇಳಿದ್ದಕ್ಕೆ
ಚಿಕ್ಕಂದಿನಲ್ಲಿ ತಲೆಗೆ ಮೊಟಕಿಸಿಕೊಂಡಿದ್ದೇನೆ.
ಆರ್ವಿಲ್‌ಗೆ ಹೇಳಲಿಲ್ಲ. ಕಲ್ಲಿನ ಮೇಲೆ ಬೆರಳಾಡಿಸಿದೆ.

ಕೆಸರಿಗೊಂದು ಮರ್ಯಾದೆ ಇದೆ:
ಕಾಲು ಒತ್ತಿದರೆ ಅಂಚಿನಲ್ಲಿ ಉಬ್ಬಿ ಜಾಗ ಕೊಡುತ್ತದೆ,
ಬೆರಳ ಸಂದಿಯಲ್ಲಿ ಎದ್ದು ನಿಲ್ಲುತ್ತದೆ.
ಇಲ್ಲಿ ಕೆಸರು ಯಾರಿಗೂ ಎದ್ದಿಲ್ಲ.
ಹಿಮ್ಮಡಿಯ ಗುಂಡಿಯಲ್ಲಿ ಉಳಿಯ ಗೀರು, ನಾಲ್ಕೋ ಐದೋ.

ಆದರೆ ಎರಡನೆಯ ಬೆರಳು!
ಹೆಬ್ಬೆರಳನ್ನು ದಾಟಿ ಮುಂದೆ ಹೋಗಿ
ಯಾರೋ ಕರೆದಂತೆ ಒಳಕ್ಕೆ ತಿರುಗಿತ್ತು.
ಈ ಬೆರಳನ್ನು ನಾನು ಬಲ್ಲೆ.
ಎರಡು ವರ್ಷದಿಂದ ಇದಕ್ಕೆ ಪ್ಯಾಡು ಕತ್ತರಿಸುತ್ತಿದ್ದೇನೆ.

ಅವನ ಬಲಗಾಲು ಒದ್ದೆ ಮಾಡಿ
ಕಂದು ಕಾಗದದ ಮೇಲೆ ನಿಲ್ಲಿಸಿದೆ.
ಕಾಗದವನ್ನು ಕಲ್ಲಿನ ಪಕ್ಕ ಇಟ್ಟೆ. ಮಾತಾಡಲಿಲ್ಲ.
ಅದೇ ದಾಟುವಿಕೆ, ಅದೇ ತಿರುವು.
ಕಲ್ಲಿನದು ಮಾತ್ರ ಒಂದೂವರೆ ಪಟ್ಟು ದೊಡ್ಡದು.

ಏಸಿ ಗೊರಗುಟ್ಟುತ್ತಿತ್ತು.
“ಸುಳ್ಳು ಅಂತೀಯ?”
“ಹೆಜ್ಜೆ ಸುಳ್ಳು. ಬೆರಳು ನಿಜ.”

ಬಹಳ ಹೊತ್ತಾದ ಮೇಲೆ, ತನಗೇ ಎಂಬಂತೆ:
“ಮೂವತ್ತನಾಲ್ಕರಲ್ಲಿ ಮನೆಯಲ್ಲಿ ಏಳು ಮಕ್ಕಳು.
ಕಲ್ಲೊಂದಕ್ಕೆ ಹದಿನೈದು ಡಾಲರ್ ಕೊಡುತ್ತಿದ್ದರಂತೆ.
ಮಾದರಿಗೆ ಇನ್ಯಾರ ಕಾಲು ಸಿಗುತ್ತಿತ್ತು ಅವನಿಗೆ?”

ಯಾವುದು ಕಾರಣ ಹಾಗಾದರೆ?
ಉಳಿಯೋ, ಹಸಿವೋ, ಕೊಳ್ಳಲು ಬಂದವನ ನಂಬಿಕೆಯೋ,
ತನ್ನ ರೂಪದಲ್ಲೇ ಕೆತ್ತದೆ ಬೇರೆ ಗೊತ್ತಿಲ್ಲದ ಕೈಯೋ?
ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ,
ಹಳೇ ಸ್ವೆಟರಿನ ನೂಲಿನ ಹಾಗೆ.

ಆರ್ವಿಲ್ ಕಲ್ಲನ್ನು ಅಲ್ಲೇ ಬಿಟ್ಟು
ಕಾಗದವನ್ನು ಮಡಿಸಿ ಜೇಬಿಗಿಟ್ಟ.
ಟ್ವೈಲಾಗೆ ತೋರಿಸಲಿಕ್ಕೋ, ಸುಡಲಿಕ್ಕೋ, ಕೇಳಲಿಲ್ಲ.
ನೆಲದ ಮೇಲೆ ಒದ್ದೆ ಹೆಜ್ಜೆಗಳು ಒಣಗತೊಡಗಿದವು,
ಮೊದಲು ಅಂಚು, ಆಮೇಲೆ ಹಿಮ್ಮಡಿ.

ರಾತ್ರಿ ಮನೆಯಲ್ಲಿ ಕಾಲುಚೀಲ ಕಳಚಿದೆ.
ನನ್ನದೂ ಎರಡನೆಯ ಬೆರಳೇ ಉದ್ದ.
ಇಂಥವಳು ಗಂಡನನ್ನು ಆಳುತ್ತಾಳೆ ಅಂದಿದ್ದಳು
ಕಾಲುಂಗುರ ತೊಡಿಸಿದ ದಿನವೇ ಸೋದರತ್ತೆ.
ಅವನು ಬಿಟ್ಟು ಹೋದಾಗಲೂ ಅದೇ ಬೆರಳನ್ನು ತೋರಿಸಿದಳು.
ಕಾಗೆ ಕೂತಿತು, ಕೊಂಬೆ ಮುರಿಯಿತು.
ಉಂಗುರ ತೆಗೆದು ಆರು ವರ್ಷ,
ಅದು ಕೂತ ತೋಡು ಇನ್ನೂ ತುಂಬಿಕೊಂಡಿಲ್ಲ.

ವಿಮೆಯ ಫಾರ್ಮು ಬಾಕಿ ಇತ್ತು.
‘ಭೇಟಿಯ ಕಾರಣ’, ಎದುರಿಗೆ ಒಂದಿಂಚು ಜಾಗ.
ಸಕ್ಕರೆ ಕಾಯಿಲೆ ಎಂದು ತುಂಬಿದೆ.