ಬಫರ್ ಕಲಸುವವಳು

ನನ್ನ ಕೆಲಸ ಉಪ್ಪುನೀರು ಕಲಸುವುದು.
ಇಪ್ಪತ್ತಾರು ವರ್ಷದಿಂದ, ಲ್ಯುಬ್ಲಿಯಾನದ ಈ ನೆಲಮಾಳಿಗೆಯಲ್ಲಿ:
ಲೀಟರಿಗೆ ಎಂಟು ಗ್ರಾಂ ಅಡುಗೆಯುಪ್ಪು,
ಚಿಟಿಕೆ ಪೊಟ್ಯಾಸಿಯಂ, ಆಮೇಲೆ ಫಾಸ್ಫೇಟು,
ಏಳು ಪಾಯಿಂಟ್ ನಾಲ್ಕಕ್ಕೆ ಅಂಕಿ ನಿಲ್ಲುವ ತನಕ
ಹನಿಹನಿ ಕ್ಷಾರ.
ನೆತ್ತರಲ್ಲ.
ನೆತ್ತರಿನ ದೂರದ ನೆಂಟ.

ಮೇಲಿನ ಮಹಡಿಯ ಬ್ರಿನಾ ಗೂಡು ಕಟ್ಟುವವಳು.
ಸತುವಿನ ಗಂಟು, ಇಂಗಾಲದ ಕಡ್ಡಿ,
ಕಣ್ಣಿಗೆ ಕಾಣದ ಕಿಟಕಿ, ಒಳಗೆ ಮುದುಡಿ ಕೂತ ಔಷಧಿ.
ಒಂದು ಗ್ರಾಂ ಪುಡಿಯಲ್ಲಿ ಐದಾರು ಟೆನಿಸ್ ಅಂಗಳದಷ್ಟು ಗೋಡೆಯಿದೆ, ಎಂದಳು.
ಒಮ್ಮೆ ಗುಡಿಸಿ ನೋಡು, ಎಂದೆ.

ಬಟ್ಟಿ ಇಳಿಸಿದ ನೀರಲ್ಲಿ ವಾರ ಕಳೆದರೂ ಅಲುಗಲಿಲ್ಲ.
ನನ್ನ ಸೀಸೆಯದರಲ್ಲಿ ಹಾಕಿದಳು. ಮೂವತ್ತೇಳು ಡಿಗ್ರಿ, ಮೆಲ್ಲನೆ ತೂಗಾಟ.
ಮರುದಿನ ಎಕ್ಸ್-ರೇ ಗೆರೆಯಲ್ಲಿ ಒಂದು ಶಿಖರವೂ ಇಲ್ಲ,
ನವೆಂಬರಿನ ಮಂಜು ಕೋಟೆಗುಡ್ಡವನ್ನು ನುಂಗಿದ ಹಾಗೆ
ಬರೀ ಬೂದು ದಿಬ್ಬ.

ಫಾಸ್ಫೇಟಿಗೆ ಸತುವಿನ ಮೇಲೆ ಮೊದಲಿಂದಲೂ ಮನಸ್ಸು.
ಬಾಗಿಲು ತಟ್ಟುವುದಿಲ್ಲ, ಗಂಟನ್ನೇ ಬಿಚ್ಚಿ ಕರೆದೊಯ್ಯುತ್ತದೆ.
ಸೂಕ್ಷ್ಮದರ್ಶಕದಲ್ಲಿ ಮಾತ್ರ ಹರಳು ಹಾಗೇ ಇತ್ತು,
ಮೂಲೆ, ಅಂಚು, ಎಲ್ಲ.
ಒಳಗೆ ಬೇರೆ ಯಾರೋ ಒಕ್ಕಲು ಬಂದಿದ್ದರು.

ನಾನು ಪಿವ್ಕಾ ಕಡೆಯವಳು, ಸುಣ್ಣಕಲ್ಲಿನ ಸೀಮೆ.
ಅಲ್ಲಿ ನದಿ ಗುಹೆ ಹೊಕ್ಕು ಹೆಸರು ಕಳೆದುಕೊಳ್ಳುತ್ತದೆ,
ಆಚೆ ಇನ್ನೊಂದರಲ್ಲಿ ಏಳುತ್ತದೆ, ಮತ್ತೆ ಮುಳುಗುತ್ತದೆ,
ಈ ಊರು ಮುಟ್ಟುವಾಗ ಅದಕ್ಕೆ ಏಳನೆಯ ಹೆಸರು.
ನನಗೆ ಒಂಬತ್ತು ವರ್ಷ. ಮೇಯುತ್ತಿದ್ದ ನಮ್ಮ ಕಂದು ಹಸು
ಹುಲ್ಲಿನ ಸಮೇತ ಕುಳಿಗಿಳಿದು ಹೋಯಿತು.
ಅಪ್ಪ ಅಂಚಿನಲ್ಲಿ ಹಗ್ಗ ಹಿಡಿದು ನಿಂತಿದ್ದ:
ನೀರಿನ ತಪ್ಪೇನಿಲ್ಲ, ಕಲ್ಲನ್ನು ನಂಬಿದವರು ನಾವು.

ಪ್ರೊಫೆಸರ್ ಮ್ಲಾಕರ್ ಮೆಟ್ಟಿಲಿಳಿದು ಬಂದರು.
ಫಾಸ್ಫೇಟು ಬೇಡ, ಸ್ಲಾವ್ಕಾ, ಹೆಪೆಸ್ ಬಫರ್ ಕಲಸಿ.
ಕಲಸಿದೆ. ಗೂಡು ಉಳಿಯಿತು.
ಹೆಪೆಸ್ ಯಾರ ಮೈಯಲ್ಲಿ ಹರಿಯುತ್ತದೆ ಎಂದು ನಾನು ಕೇಳಲಿಲ್ಲ,
ಕೇಳಿದವಳು ಬ್ರಿನಾ.
ಅವರು ಕನ್ನಡಕ ಒರೆಸಿದರು. ತುಸು ಹೊತ್ತಾದ ಮೇಲೆ,
ಹಾಗಾದರೆ ಫಾಸ್ಫೇಟಿನಲ್ಲಿ ಆದದ್ದನ್ನು
ನಿಯಂತ್ರಿತ ಬಿಡುಗಡೆ ಎಂದು ಬರೆಯೋಣ, ಎಂದರು.

ಗೂಡು ಮುರಿದು ಮರಿ ಬೀದಿಗೆ ಬಿದ್ದರೆ
ಅದನ್ನು ಹಾರಾಟ ಎನ್ನುತ್ತಾರೆಯೇ?

ಶನಿವಾರ ಸಂಜೆ ಬಂದಳು, ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡು.
ಫಾಸ್ಫೇಟು ಸ್ವಲ್ಪ, ಸ್ವಲ್ಪವೇ, ಕಡಿಮೆ ಮಾಡಬಹುದಾ?
ತಕ್ಕಡಿ ಒರೆಸುತ್ತಿದ್ದೆ. ತಲೆ ಅಲ್ಲಾಡಿಸಿದೆ.
ಎರಡೂ ಕೈಯಲ್ಲಿ ಸೀಸೆ ತೆಗೆದುಕೊಂಡಳು,
ಬಿಸಿ ಸಾರಿನ ಪಾತ್ರೆಯನ್ನು ಹಿಡಿದ ಹಾಗೆ.

ಈಗ ಗಂಟೆಗೊಮ್ಮೆ ಅಲ್ಲ, ಐದು ನಿಮಿಷಕ್ಕೊಮ್ಮೆ ಹನಿ ತೆಗೆಯುತ್ತಾಳೆ.
ಅವಳ ಪುಸ್ತಕದಲ್ಲಿ ಮೊನ್ನೆ ನೋಡಿದೆ,
ಪೆನ್ಸಿಲ್ಲಿನಲ್ಲಿ: ನಲವತ್ತು ನಿಮಿಷ ನಿಂತಿತು.
ಅದರ ಕೆಳಗೆ ಹೃದಯದಿಂದ ಪಿತ್ತಕೋಶಕ್ಕೆ, ಮೂತ್ರಪಿಂಡಕ್ಕೆ,
ರಕ್ತ ಎಷ್ಟು ಸೆಕೆಂಡಿನಲ್ಲಿ ಮುಟ್ಟುತ್ತದೆಂಬ ಲೆಕ್ಕ,
ಎರಡು ಕಡೆ ಹೊಡೆದುಹಾಕಿ ಮತ್ತೆ ಬರೆದದ್ದು.